ಅಕ್ಕನ ಹುಳುಕಡ್ಡಿಯೂ ಲವಂಗದೆಣ್ಣೆಯೂ

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮದುವೆಯಾಗಿ ಹೋಗಿದ್ದ ಅಕ್ಕ ಒಂದು ದಿನ ನಜರ್‌ಬಾದಿನ ನಮ್ಮ ಮನೆಗೆ ವಾಪಸು ಬಂದಳು. ಕತ್ತು, ಬೆನ್ನಿನ ತುಂಬ ಉಂಗುರ ಉಂಗುರವಾಗಿ ಹುಳುಕಡ್ಡಿ ಹಬ್ಬಿತ್ತು. ವಾಸಿಯಾದ ಮೇಲೇ ಬರಬೇಕೆಂದು ಅವಳ ಅತ್ತೆ ಕಳಿಸಿದ್ದರು. ಡಾಕ್ಟರು ಕೊಟ್ಟ ಮುಲಾಮು ಹಚ್ಚಿದಾಗ ಅಡಗುತ್ತಿತ್ತು, ಬಿಟ್ಟರೆ ಮತ್ತೆ ಏಳುತ್ತಿತ್ತು.

"ಅದು ಹುಳ ಅಲ್ಲ ಕಣಕ್ಕ, ಶಿಲೀಂಧ್ರ. ಬೂಷ್ಟಿನ ಜಾತಿ," ಎಂದೆ.

"ಬೂಷ್ಟು ಹಿಡಿಯೋಕೆ ನಾನೇನು ಉಪ್ಪಿನಕಾಯಾ?" ಎಂದು ಅಕ್ಕ ಅತ್ತೇಬಿಟ್ಟಳು.

ಅವಳ ಚರ್ಮದಿಂದ ಕೆರೆದ ಹೊಟ್ಟನ್ನು ಕಾಲೇಜಿಗೆ ಒಯ್ದು, ಗಾಜಿನ ತಟ್ಟೆಯಲ್ಲಿ ಆಲೂಗೆಡ್ಡೆ ರಸ, ಸಕ್ಕರೆ ಹಾಕಿದ ಅಗರ್ ಎಂಬ ಕಡಲಪಾಚಿಯ ಅಂಟಿನ ಮೇಲೆ ಬೆಳೆಸಿದೆ. ಬಿಳಿ ಹತ್ತಿಯಂತೆ ಹರಡಿತು. ಬೇವಿನ ರಸದಲ್ಲಿ ಅದ್ದಿದ ಕಾಗದದ ಚೂರಿಟ್ಟೆ. ಶಿಲೀಂಧ್ರ ಅದರ ಮೇಲೆಯೇ ಹತ್ತಿ ಕೂತಿತು. "ಬೇವಿಗೂ ಜಗ್ಗಲಿಲ್ವೇನೇ?" ಎಂದು ಅಮ್ಮ ಕಂಗೆಟ್ಟರು. ತುಂಬೆಯೂ ಸೋತಿತು.

ಕೊನೆಗೆ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ಲವಂಗದೆಣ್ಣೆ ತಂದೆ. ಈ ಸಲ ತಟ್ಟೆಯ ಮುಚ್ಚಳ ತೆಗೆದಾಗ ಕಾಗದದ ಸುತ್ತ ಅಗಲವಾದ ಖಾಲಿ ಜಾಗ! ಒಂದು ಎಳೆಯೂ ಒಳಗೆ ಕಾಲಿಟ್ಟಿರಲಿಲ್ಲ. ಅಂಚಿನ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸುಕ್ಕುಗಟ್ಟಿ ಬಿದ್ದಿದ್ದವು. ನಮ್ಮ ಪ್ರೊಫೆಸರೂ ಬಗ್ಗಿ ನೋಡಿದರು. "ಲವಂಗದ ಸತ್ವ ಈ ಎಳೆಗಳ ಪೊರೇನೇ ಕೆಡಿಸುತ್ತಮ್ಮ. ಪೊರೆ ಹರಿದರೆ ಒಳಗಿದ್ದದ್ದೆಲ್ಲ ಸೋರಿಹೋಗುತ್ತೆ, ಇನ್ನೆಲ್ಲಿ ಬದುಕುತ್ತೆ?" ಎಂದು ಇಡೀ ತರಗತಿಯನ್ನು ಕರೆದು ತೋರಿಸಿದರು. ಆಮೇಲೆ ನನ್ನತ್ತ ತಿರುಗಿ, "ಹಾಗಂತ ನೇರ ಹಚ್ಚಿಬಿಟ್ಟೀಯ, ಚರ್ಮ ಸುಟ್ಟೋಗುತ್ತೆ. ಡಾಕ್ಟರನ್ನ ಕೇಳು," ಎಂದರು.

ಡಾಕ್ಟರು ಒಪ್ಪಿದರು. ಧಾರಾಳವಾದ ಕೊಬ್ಬರಿ ಎಣ್ಣೆಗೆ ಲವಂಗದೆಣ್ಣೆಯ ಕೆಲವೇ ತೊಟ್ಟು ಬೆರೆಸಿ ಅಮ್ಮ ಬೆಳಿಗ್ಗೆ ಸಂಜೆ ಹಚ್ಚಿದರು. ಮೊದಲು ಕೆರೆತ ನಿಂತಿತು. ಆಮೇಲೆ ಉಂಗುರಗಳು ಮಾಸಿದವು. ಹಚ್ಚುವುದು ನಿಲ್ಲಿಸಿದ ಮೇಲೂ ಅವು ಮರಳಲಿಲ್ಲ. ಅಕ್ಕ ಪ್ರಯೋಗಾಲಯಕ್ಕೇ ಬಂದು ತಟ್ಟೆಯನ್ನು ದಿಟ್ಟಿಸಿ, "ಇದೇನಾ ನನ್ನ ಕಾಡಿದ್ದು? ಸಾಯಲಿ ಬುಡು!" ಎಂದು ನಕ್ಕಳು. ಅಂಥ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಸುದ್ದಿ ತಿಳಿದು ಅತ್ತೆ ಕರೆದೊಯ್ಯಲು ಬಂದರು. "ದಸರಾ ಮುಗಿಸ್ಕೊಂಡೇ ಬರ್ತೀನಿ ಅತ್ತೆ," ಎಂದಳು ಅಕ್ಕ, ತಲೆ ಎತ್ತಿಕೊಂಡು. ಅವರು ಜಗಳವಾಡಲಿಲ್ಲ. ಕಾಫಿ ಕುಡಿದು, ಅಮ್ಮ ಒಳಗೆ ಹೋದದ್ದನ್ನು ನೋಡಿಕೊಂಡು, ಮೆಲ್ಲಗೆ ರವಿಕೆಯ ತೋಳು ಸರಿಸಿ ನನಗೆ ತೋರಿಸಿದರು.

"ಇಲ್ಲೂ ಒಸಿ ಐತೆ ಕಣವ್ವ. ಅದೇ ಎಣ್ಣೆ ಕೊಡ್ತೀಯಾ?"