ಹನ್ನೊಂದನೇ ಮಹಡಿಯಿಂದ ಭೂಮಿಗೆ ಒಂದು ಚಮಚ ಚಾ

ದೂಜಣ್ಣ ಬೆಳಿಗ್ಗೆ ಎದ್ದು ಮಾಡಿದ ಮೊದಲ ಚಾ ಯಾರಿಗೂ ಕೊಡುವುದಿಲ್ಲ, ತಾವೂ ಕುಡಿಯುವುದಿಲ್ಲ. ಅದರಲ್ಲಿ ಒಂದು ಚಮಚ ಮೊದಲು ಭೂಮಿಗೆ ಬೀಳಬೇಕು. ಮನುಷ್ಯರ ಸರದಿ ಆಮೇಲೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಮದುವೆಯ ದಿನ ತಲೆಗೆ ಪೇಟ ಸುತ್ತಿಕೊಂಡೇ ಅಂಗಳಕ್ಕೆ ಹೋಗಿ ಚಾ ಚೆಲ್ಲಿ ಬಂದದ್ದನ್ನು ಅವರ ಹೆಂಡತಿ ಅಕ್ಕು ಇವತ್ತಿಗೂ ಮರೆತಿಲ್ಲ. "ನನ್ನ ಮುಖ ನೋಡುವ ಮೊದಲು ಈ ಜನ ನೆಲದ ಮುಖ ನೋಡಿದ್ದು" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ.

ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಂಟಿಕೊಂಡ ಪದ್ಧತಿ ಇದು. ಮೀಸೆ ಮೂಡುವ ಮೊದಲೇ ಉಡುಪಿ ಕಡೆಯಿಂದ ಬಂದು ಚಾದ ಒಲೆಯ ಮುಂದೆ ನಿಂತ ದೂಜಣ್ಣ, ತಲೆ ಪೂರ್ತಿ ನೆರೆಯುವವರೆಗೂ ಅಲ್ಲೇ ನಿಂತರು. ಶಟರ್ ಎತ್ತಿದ ಕೂಡಲೇ ಮೊದಲ ಚಾ ರಸ್ತೆಗೆ ಚೆಲ್ಲಿ ಕೈಮುಗಿದರೆ ಗಿರಾಕಿ ತಾನಾಗಿ ಬರುತ್ತಾನೆ ಎಂದು ಧಣಿಗಳು ಕಲಿಸಿದ್ದರು. ಗಿರಾಕಿಗಳು ಬರುತ್ತಲೂ ಇದ್ದರು. ಆದರೆ ಅವರನ್ನು ದೂಜಣ್ಣ ನೋಡಿದ್ದು ಕಡಿಮೆ. ಅವರ ಒಲೆ ಇದ್ದದ್ದು ಗೋಡೆಯ ಹಿಂದೆ. ಗೋಡೆಯಲ್ಲಿ ಒಂದು ಕಿಂಡಿ. ಅದರಿಂದ "ದೋ ಕಟಿಂಗ್, ಏಕ್ ಸ್ಪೆಷಲ್" ಎಂಬ ಕೂಗು ಒಳಗೆ ಬರುವುದು, ತುಂಬಿದ ಗ್ಲಾಸು ಹೊರಗೆ ಹೋಗುವುದು. "ಮುಂಬಯಿಯ ಕೈಗಳನ್ನು ಮಾತ್ರ ನಾನು ನೋಡಿದ್ದು. ಅದೂ ವೇಟರುಗಳ ಕೈ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಕಳೆದ ವರ್ಷ ಅವರ ಪಾಲಿಗೆ ಎಲ್ಲವೂ ಒಟ್ಟಿಗೇ ಬದಲಾಯಿತು. ಸಂಕ್ರಾಂತಿ ಕಳೆದು ಹೋಟೆಲು ಮುಚ್ಚಿತು. ಅಲ್ಲೀಗ ಮೊಬೈಲ್ ಅಂಗಡಿ. ಹೋಳಿಯ ಹೊತ್ತಿಗೆ ಉಳಿದಿದ್ದ ಹಲ್ಲುಗಳು ಹೋಗಿ ಹೊಸ ಸೆಟ್ಟು ಬಂತು. ಮಳೆಗೆ ಮುಂಚೆ ಪರೇಲಿನಲ್ಲಿ ಅವರಿದ್ದ ಚಾಳನ್ನು, ಹಳೆಯ ಸಾಲುಮನೆಗಳ ಕಟ್ಟಡವನ್ನು, ಒಡೆಯಲು ತೆಗೆದುಕೊಂಡರು. ಹೊಸ ಬಿಲ್ಡಿಂಗ್ ಏಳುವವರೆಗೆ ಬಾಡಿಗೆಗೆ ಇರಲೆಂದು ಗಂಡ ಹೆಂಡತಿ ಚೆಂಬೂರಿಗೆ, ನಮ್ಮ ಬಿಲ್ಡಿಂಗಿನ ಹನ್ನೊಂದನೇ ಮಹಡಿಗೆ, ನಮ್ಮ ಎದುರು ಮನೆಗೆ ಬಂದರು. ಚಾಳಿನಲ್ಲಿ ಅವರ ಖೋಲಿ ಇದ್ದದ್ದು ಕೆಳಗೆ. ಬಾಗಿಲು ತೆಗೆದರೆ ಭೂಮಿ. ಇಲ್ಲಿ ಬಾಗಿಲು ತೆಗೆದರೆ ನಾನು.

ಮೊದಲ ದಿನ ಬೆಳಿಗ್ಗೆ ದೂಜಣ್ಣ ಚಾ ಕುದಿಸಿ ಕಿಟಕಿ ತೆರೆದರು. ಹೊಸ ಜಾಗ, ಸ್ವಲ್ಪ ಧಾರಾಳವಾಗಿಯೇ ಇರಲಿ ಎಂದು ಚಮಚದ ಬದಲು ಸೌಟು ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಹೊರಗೆ ಸುರಿದರು. ಅದೇ ಹೊತ್ತಿಗೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಹಿತೇಶ್ ಭಾಯಿ, ಅವರೂ ಕಣ್ಣು ಮುಚ್ಚಿ, ಅವರೂ ಭಕ್ತಿಯಿಂದ, ಸೂರ್ಯನಿಗೆ ನೀರು ಬಿಡುತ್ತಿದ್ದರು. ಚಾ ಅವರ ಬೋಳುತಲೆಯ ನಟ್ಟನಡುವೆ ಬಿತ್ತು.

ಮೊದಲು ಪಾರಿವಾಳ ಎಂದುಕೊಂಡರಂತೆ. ಆದರೆ ಪಾರಿವಾಳದಿಂದ ಶುಂಠಿಯ ವಾಸನೆ ಬರುವುದುಂಟೇ? ಒಂದೊಂದೇ ಮಹಡಿ ಹತ್ತಿ, ಒಂದೊಂದೇ ಬಾಗಿಲು ತಟ್ಟಿ, "ನಿಮ್ಮ ಚಾಕ್ಕೆ ಶುಂಠಿ ಹಾಕುತ್ತೀರಾ?" ಎಂದು ಕೇಳುತ್ತಾ ಬಂದರು. ಎಲ್ಲ ಮನೆಯವರೂ ಹೌದು ಎಂದರು. ಕೆಲವರು ಒಳಗೆ ಬನ್ನಿ ಎಂದು ಕರೆದರು. ಹನ್ನೊಂದನೇ ಮಹಡಿಗೆ ಮುಟ್ಟುವಾಗ ಅವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಸದ್ದಿಗೆ ನಾನೂ ಬಾಗಿಲು ತೆಗೆದೆ.

ದೂಜಣ್ಣನ ಮುಖ ಅವರನ್ನು ಕಂಡು ಅರಳಿತು. "ಹೋಯ್ ಅಕ್ಕು, ನೋಡು! ಚೆಲ್ಲಿ ಅರ್ಧ ಗಂಟೆ ಆಗಲಿಲ್ಲ, ಗಿರಾಕಿ ಬಂದೇ ಬಿಟ್ಟಿತು!"

"ಗಿರಾಕಿಯ ತಲೆ ನೋಡಿ ಒಮ್ಮೆ. ನಿಮ್ಮ ಚಾದ ಎಲೆ ಅಂಟಿಕೊಂಡಿದೆ" ಎಂದರು ಅಕ್ಕು ಒಳಗಿನಿಂದ.

ದೂಜಣ್ಣ ನಾಲಿಗೆ ಕಚ್ಚಿಕೊಂಡು, "ಶೇಟ್, ಬೈಠೋ" ಎಂದು ಕುರ್ಚಿ ಒರೆಸಿ ಚಾ ಕೊಟ್ಟರು. ಹಿತೇಶ್ ಭಾಯಿ ಬೈಯುತ್ತಾ ಕುಡಿದರು. ಕುಡಿಯುತ್ತಾ ಬೈದರು. ಎರಡನೇ ಕಪ್ಪು ಮುಗಿಸಿ, ಇನ್ನೊಮ್ಮೆ ಹೀಗಾದರೆ ಮನೆ ಖಾಲಿ ಮಾಡಬೇಕಾದೀತು ಎಂದು ಹೇಳಿ ಹೋದರು. ಸಂಜೆಗೆ ಲಿಫ್ಟಿನೊಳಗೆ ಬೋರ್ಡು ಬಿತ್ತು: ಮೇಲಿನಿಂದ ಯಾರೂ ಏನನ್ನೂ ಚೆಲ್ಲಬಾರದು, ಲಿಫ್ಟಿನಲ್ಲಂತೂ ಚೆಲ್ಲಲೇಬಾರದು.

ದೂಜಣ್ಣನಿಗೆ ದೊಡ್ಡ ಕಷ್ಟ ಬಂತು. ಚೆಲ್ಲಿದರೆ ಮನೆ ಹೋಗುತ್ತದೆ, ಚೆಲ್ಲದಿದ್ದರೆ ಚಾ ಗಂಟಲಲ್ಲಿ ಇಳಿಯುವುದಿಲ್ಲ. ತುಳಸಿ ಕುಂಡದ ಹತ್ತಿರ ಚಮಚ ಹಿಡಿದು ಹೋದರೆ ಅಕ್ಕು ಅಡ್ಡ ನಿಂತರು. "ತುಳಸಿಗೆ ಹಾಲು ಸಕ್ಕರೆ ಹಾಕಿದ ಚಾವಾ? ನಾಳೆ ಬಿಸ್ಕಿಟು ಕೇಳ್ತದೆ!" ಬಚ್ಚಲಿಗೆ ಹಾಕಿ ಎಂದರೆ, "ಮೋರಿ ಭೂಮಿಯಾ?" ಎಂದು ದೂಜಣ್ಣನೇ ಒಪ್ಪಲಿಲ್ಲ. ಕಪ್ಪು ಮುಂದಿಟ್ಟುಕೊಂಡು ಕೂರುವರು. ಚಾದ ಮೇಲೆ ಕೆನೆ ಕಟ್ಟುವುದು. ಹಾಗೇ ಎದ್ದು ಹೋಗುವರು. ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಅವರನ್ನು ಕಂಡರೆ ನನಗೆ ನಗು ಬರಲಿಲ್ಲ. ಕೊಡದೆ ತಿನ್ನಬಾರದು ಎಂದು ನಂಬಿದವರ ಹಸಿವು ಬೇರೆಯೇ.

ಒಂದು ದಿನ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಬಾಗಿಲ ಸದ್ದಾಯಿತು. ದೂಜಣ್ಣ ಲೋಟದಲ್ಲಿ ಚಾ ಹಿಡಿದು, ತಟ್ಟೆ ಮುಚ್ಚಿ, ಲಿಫ್ಟಿಗೆ ಕಾಯುತ್ತಿದ್ದರು. ಭೂಮಿ ಮೇಲೆ ಬರುವುದಿಲ್ಲವಾದರೆ ತಾವೇ ಇಳಿಯುವುದೆಂದು ತೀರ್ಮಾನವಾಗಿತ್ತು.

ಕೆಳಗೆ ಅಶೋಕ ಮರದ ಬುಡದಲ್ಲಿ ಅವರು ಚಮಚ ಬಗ್ಗಿಸಿ ಕೈಮುಗಿಯುವುದನ್ನು ವಿಜಯಪುರದ ವಾಚ್‌ಮನ್ ಕಾಶಪ್ಪ ನೋಡಿದ.

"ಏನ್ರೀ ಯಜಮಾನ್ರ, ನಸುಕಿನ್ಯಾಗ ಮಾಟ ಮಾಡಾಕತ್ತೀರೇನ್ರಿ?"

"ಮಾಟ ಎಂತದ್ದು ಮಾರಾಯ? ಚಾ. ಭೂಮಿಗೆ."

ಕಾಶಪ್ಪ ಲೋಟದೊಳಗೆ ಇಣುಕಿದ. "ಭೂಮಿ ಮಲಗಿತ್ರಿ. ಎದ್ದು ಕಾದಾಂವ ನಾ ಅದೀನಿ."

ಮರುದಿನದಿಂದ ಲೋಟ ಹೋಗಿ ಕೆಟಲು ಬಂತು. ಭೂಮಿಗೆ ಒಂದು ಚಮಚ, ಕಾಶಪ್ಪನಿಗೆ ಒಂದು ಕಪ್ಪು. ಮೇಲೆ ಬರುವಾಗ ಲಿಫ್ಟಿನಲ್ಲಿ ಹಾಲಿನವನು ಸಿಕ್ಕಿದರೆ ಅವನಿಗೂ, ವಾಕಿಂಗ್ ಮುಗಿಸಿದ ಮುದುಕರಿಗೂ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸಿಗೂ. ಗಣಪತಿ ಹಬ್ಬದ ಹೊತ್ತಿಗೆ ಅವರು ಮೇಲೇರುವ ಸಮಯ ನೋಡಿಕೊಂಡು ಜನ ಲಿಫ್ಟು ಹತ್ತುತ್ತಿದ್ದರು. ಎರಡನೇ ಮಹಡಿಯ ಒಬ್ಬರಂತೂ ಹನ್ನೊಂದರವರೆಗೂ ಬಂದು, ಕಪ್ಪು ಖಾಲಿ ಮಾಡಿ, ಮತ್ತೆ ಇಳಿದು ಹೋಗುವರು.

ಒಂದು ಬುಧವಾರ ದೇವಸ್ಥಾನಕ್ಕೆಂದು ಹೂವಿನ ತಟ್ಟೆ ಹಿಡಿದು ನಾನೂ ದೂಜಣ್ಣನ ಜೊತೆ ಕೆಳಗಿಳಿಯುತ್ತಿದ್ದೆ. ಮೂರನೇ ಮಹಡಿಯಲ್ಲಿ ಹಿತೇಶ್ ಭಾಯಿ ಹತ್ತಿದರು. ಇನ್ನೇನು ನೆಲ ಮುಟ್ಟಬೇಕು, ಕರೆಂಟು ಹೋಯಿತು. ಲಿಫ್ಟು ನಿಂತಿತು. ಕಾಶಪ್ಪ ಹೊರಗಿನಿಂದ ಕೀಲಿಕೈ ತೂರಿಸಿ ಬಾಗಿಲು ಜಗ್ಗಿದ. ನಮ್ಮ ಕಾಲ ಹತ್ತಿರ ಒಂದು ಗೇಣು ಸಂದಿ ಕಾಣಿಸಿತು, ಸಂದಿಯಲ್ಲಿ ಕಾಶಪ್ಪನ ಕಣ್ಣುಗಳು ಕಾಣಿಸಿದವು.

"ಮೆಕ್ಯಾನಿಕ್ ಬರಾಕತ್ತಾನ್ರಿ. ಕುಂಡ್ರಿ ಆರಾಮ."

ಕುಳಿತೆವು. ಕೆಟಲಿನ ಮೂತಿಯಿಂದ ಪರಿಮಳ ಏಳುತ್ತಿತ್ತು. ಹಿತೇಶ್ ಭಾಯಿ ಬೆವರು ಒರೆಸಿಕೊಂಡು, "ಕಾಕಾ, ಥೋಡಾ ಚಾಯ್" ಎಂದರು.

"ಆಗುವುದಿಲ್ಲ ಶೇಟ್. ಭೂಮಿಗೆ ಇನ್ನೂ ಕೊಟ್ಟಿಲ್ಲ."

"ಇಲ್ಲೇ ಮೂಲೆಯಲ್ಲಿ ಒಂದು ಹನಿ ಚೆಲ್ಲಿ ಬಿಡಿ!"

ದೂಜಣ್ಣ ಬೆರಳಿನಿಂದ ಬೋರ್ಡು ತೋರಿಸಿದರು. ಬೋರ್ಡಿನ ಕೆಳಗೆ ಹಿತೇಶ್ ಭಾಯಿಯದ್ದೇ ಸಹಿ. ಅವರು ನನ್ನ ಕಡೆ ತಿರುಗಿದರು. "ಬೆಹೆನ್‌ಜಿ, ನೀವಾದರೂ ಹೇಳಿ."

ನೈವೇದ್ಯಕ್ಕೆ ಮುಂಚೆ ಪ್ರಸಾದ ಕೇಳಿದರೆ ನಾನೇನು ಹೇಳಲಿ? ಒಂದು ಹೂವು ಕೊಟ್ಟೆ.

ಹಿತೇಶ್ ಭಾಯಿ ಹೂವು ಹಿಡಿದುಕೊಂಡು ಸಂದಿಗೆ ಬಾಯಿಟ್ಟು ಕೂಗಿದರು: "ಕಾಶಪ್ಪಾ, ಮಿಟ್ಟೀ ಲಾವ್! ಜಲ್ದಿ!"

ಕಾಶಪ್ಪ ಅಶೋಕ ಮರದ ಬುಡದಿಂದ ಮಣ್ಣು ಕೆರೆದು, ಕಸ ತುಂಬುವ ಪ್ಲಾಸ್ಟಿಕ್ ಮೊರದಲ್ಲಿಟ್ಟು ಸಂದಿಯಿಂದ ಒಳಗೆ ತಳ್ಳಿದ. ಸೆಕ್ರೆಟರಿಯೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ದೂಜಣ್ಣ ಚಮಚ ಬಗ್ಗಿಸಿದರು, ಕೈಮುಗಿದರು. ನಾನೂ ಮುಗಿದೆ. ಆಮೇಲೆ ಮೊದಲ ಕಪ್ಪು ಹಿತೇಶ್ ಭಾಯಿಗೆ. ಅವರು ಕಣ್ಣು ಮುಚ್ಚಿ ಕುಡಿಯುವುದನ್ನು ದೂಜಣ್ಣ ಬಾಯಿ ತೆರೆದು ನೋಡುತ್ತಿದ್ದರು, ಹೊಸ ಹಲ್ಲಿನ ಸೆಟ್ಟು ಜಾರುವಷ್ಟು.

ಡಿಸೆಂಬರಿನ ಕೊನೆಯ ಸಂಜೆ ಪಾರ್ಕಿಂಗ್ ಜಾಗದಲ್ಲಿ ಎಲ್ಲರೂ ಸೇರಿದ್ದೆವು. ಒಬ್ಬೊಬ್ಬರಾಗಿ ಮೈಕು ಹಿಡಿದು ವರ್ಷದ ಮರೆಯಲಾಗದ ನೆನಪು ಹೇಳಬೇಕು. ಒಬ್ಬರು ಸಿಂಗಾಪುರ ಎಂದರು, ಒಬ್ಬರು ಹೊಸ ಕಾರು ಎಂದರು. ದೂಜಣ್ಣನ ಸರದಿ ಬಂದಾಗ ಅಕ್ಕು ಹಿಂದಿನಿಂದ ಪಿಸುಗುಟ್ಟಿದರು: "ಹಲ್ಲು ಗಟ್ಟಿ ಹಿಡ್ಕೊಳ್ಳಿ."

"ಈ ವರ್ಷ ಹೋಟೆಲು ಹೋಯಿತು, ಚಾಳು ಹೋಯಿತು, ಹಲ್ಲು ಹೋಯಿತು" ಎಂದರು ದೂಜಣ್ಣ ತಮ್ಮ ಹೋಟೆಲು ಹಿಂದಿಯಲ್ಲಿ. "ಆದರೆ ಲಿಫ್ಟಿನಲ್ಲಿ ಸಿಕ್ಕಿಬಿದ್ದೆ. ಅದೇ ನನ್ನ ನೆನಪು. ಜೀವಮಾನವಿಡೀ ಚಾ ಮಾಡಿದೆ, ಕಿಂಡಿಯಿಂದ ಕಳಿಸಿದೆ. ಕುಡಿಯುವವರ ಮುಖ ಹೇಗಾಗ್ತದೆ ಅಂತ ಸರಿಯಾಗಿ ನೋಡಿದ್ದು ಈ ಲಿಫ್ಟಿನಲ್ಲೇ. ಶೇಟ್ ಅವರದ್ದಂತೂ, ಪಾಪ, ಮಗುವಿನ ಮುಖ."

ಎಲ್ಲರೂ ಹೋ ಎಂದು ನಕ್ಕರು. ಹಿತೇಶ್ ಭಾಯಿ ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಎದ್ದು ಬಂದು ಮೈಕು ತೆಗೆದುಕೊಂಡರು. ಗ್ರೌಂಡ್ ಫ್ಲೋರಿನಲ್ಲಿ ತಮ್ಮ ತಮ್ಮನ ಮನೆ ಖಾಲಿ ಇದೆ, ಬಾಗಿಲ ಮುಂದೆಯೇ ಮಣ್ಣು, ಬಾಡಿಗೆ ಈಗಿನಷ್ಟೇ, ಕಾಕಾ ನಾಳೆಯೇ ಬರಲಿ ಎಂದರು.

ಅಕ್ಕು ಗಂಡನ ಅಂಗಿ ಜಗ್ಗಿದರು. ಆರು ತಿಂಗಳ ಹಿಂದಾದರೆ ದೂಜಣ್ಣ ಆ ಮಣ್ಣಿಗೆ ಸಾಷ್ಟಾಂಗ ಬೀಳುತ್ತಿದ್ದರೋ ಏನೋ. ಈಗ ತಲೆ ಕೆರೆದುಕೊಂಡರು.

"ದೊಡ್ಡ ಮನಸ್ಸು ನಿಮ್ಮದು ಶೇಟ್. ಆದರೆ ಬೇಡ" ಎಂದರು. "ಕೆಳಗೆ ಮನೆ ಮಾಡಿದರೆ ನಾನು ಲಿಫ್ಟು ಹತ್ತುವುದು ಯಾವ ನೆಪ ಹೇಳಿಕೊಂಡು?"