ಕರಡಿಯ ಕೆಮ್ಮು

ಕರಡಿಯಾಗುವ ಮೊದಲು ಅವನು ಹದಿನೇಳು ವರ್ಷ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದ. ಗಾಜಿನ ಗೂಡಿನೊಳಗೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಹೇಳುವ ಕೆಲಸ. ಮೈಕು ಕೆಟ್ಟ ದಿನ ಗೂಡಿನಿಂದ ಆಚೆ ಬಂದು ಬರಿಬಾಯಲ್ಲೇ ಕೂಗುತ್ತಿದ್ದ. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ದಡಬಡಿಸಿ ಎದ್ದು ಗಂಟುಮೂಟೆ ಹುಡುಕಿಕೊಳ್ಳುತ್ತಿದ್ದರು. ಅಂಥದೊಂದು ದಿನ ನಮ್ಮ ರೆಕಾರ್ಡಿಂಗ್ ಮಾಡುವವನು ಅಲ್ಲಿ ಬಸ್ಸಿಗೆ ಕಾಯುತ್ತಿದ್ದ. ಆ ಗಂಟಲು ಕಿವಿಗೆ ಬಿದ್ದದ್ದೇ ತಡ, ತನ್ನ ಬಸ್ಸನ್ನು ಬಿಟ್ಟುಕೊಟ್ಟು ಹೋಗಿ ಅವನ ಕೈ ಹಿಡಿದ.

"ಸ್ವಾಮಿ, ನಮ್ಮಲ್ಲೊಂದು ಕರಡಿ ಇದೆ. ಅದಕ್ಕೆ ಬಾಯಿಲ್ಲ. ಬರ್ತೀರಾ?"

ಆ ಕರಡಿ ಇದ್ದದ್ದು ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಮಕ್ಕಳ ಕಾರ್ಟೂನ್ ಕಥೆಯಲ್ಲಿ. ಕಾಡಿಗೆ ಬೆಂಕಿ ಬಿದ್ದು ನಾಲ್ಕು ಪ್ರಾಣಿಗಳು ನೆಲೆ ಕಳೆದುಕೊಳ್ಳುತ್ತವೆ: ಒಂದು ಕರಡಿ, ಒಂದು ನರಿ, ತಬ್ಬಲಿ ಮೊಲದ ಮರಿ, ಒಂದು ಆಮೆ. ಎಂದೂ ಬತ್ತದ ನದಿಯೊಂದನ್ನು ಹುಡುಕಿಕೊಂಡು ಅವು ಊರೂರು ಅಲೆಯುತ್ತವೆ. ಚಿತ್ರ ಹೊರದೇಶದಿಂದ ಬರುತ್ತಿತ್ತು, ಮಾತು ನಮ್ಮದು. ನರಿಗೂ ಮೊಲಕ್ಕೂ ದನಿ ಕೊಡುತ್ತಿದ್ದವಳು ಒಬ್ಬಳೇ ಹೆಂಗಸು, ಅವಳನ್ನು ನರಿಯಕ್ಕ ಎನ್ನುತ್ತಿದ್ದೆವು. ಮಾತು ಬರೆಯುವವನು ನಾನು. ಆಮೆ ಹೆಚ್ಚು ಮಾತಾಡುವುದಿಲ್ಲವೆಂದು ಅದನ್ನೂ ನನ್ನ ತಲೆಗೇ ಕಟ್ಟಿದ್ದರು. ಅವನು ಬಂದ ತಿಂಗಳೊಳಗೆ ಕರಡಿಯಪ್ಪನಾದ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಸಂಸಾರ, ಮಕ್ಕಳಿಲ್ಲ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು.

ನಮ್ಮ ಕೆಲಸ ಹೊರಗಿನವರು ತಿಳಿದಷ್ಟು ಸಲೀಸಲ್ಲ. ಪ್ರಾಣಿಯ ತುಟಿ ತೆರೆದಾಗ ನಮ್ಮ ಮಾತು ಶುರುವಾಗಬೇಕು, ಮುಚ್ಚಿದಾಗ ಮುಗಿಯಬೇಕು. ಆದರೆ ಪ್ರಾಣಿ ಬೆನ್ನು ತಿರುಗಿಸಿತೋ, ಆಗ ನಾವೇ ಧಣಿಗಳು. ತುಟಿ ಕಾಣದಲ್ಲಿ ಗೊಣಗಿಸಬಹುದು, ಬೈಸಬಹುದು, ಹಾಡಿಸಬಹುದು. ಮಕ್ಕಳು ಬಿದ್ದು ಬಿದ್ದು ನಕ್ಕದ್ದೆಲ್ಲ ನಾವು ಹಾಗೆ ಬೆನ್ನ ಹಿಂದೆ ತುರುಕಿದ ಮಾತುಗಳಿಗೆ. ಇನ್ನೊಂದು ಪದ್ಧತಿಯಿತ್ತು. ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿದ ಮೇಲೆ ಒಳಗಿದ್ದವರೆಲ್ಲ ಬರೀ ಪ್ರಾಣಿಗಳು. "ಕರಡೀ, ಒಂದು ಹೆಜ್ಜೆ ಹಿಂದಕ್ಕೆ ನಿಲ್ಲು." "ಆಮೆ, ನಿನ್ನ ಕುರ್ಚಿ ಕಿರುಗುಡ್ತಿದೆ." ಒಳಗೆ ಯಾರು ಸೀನಿದರೂ, ನರಳಿದರೂ ಅದು ಪ್ರಾಣಿಯ ಸೀನು, ಪ್ರಾಣಿಯ ನರಳಾಟ. ಇದು ನಿನ್ನದೋ ನಿನ್ನ ಪ್ರಾಣಿಯದೋ ಎಂದು ಯಾರೂ ಯಾರನ್ನೂ ವಿಚಾರಿಸುತ್ತಿರಲಿಲ್ಲ.

ಐದನೆಯ ವರ್ಷ ಒಂದು ಕಂತಿನಲ್ಲಿ ಕರಡಿ ಮೊಲವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಗೆಯೊಳಗೆ ನಡೆದುಹೋಗುತ್ತದೆ. ಬೆನ್ನು ನಮ್ಮ ಕಡೆ. ಅಲ್ಲಿ ಕರಡಿಯಪ್ಪ ಎರಡು ಸಲ ಕೆಮ್ಮಿದ. ಒಣ ಕೆಮ್ಮು, ಎದೆಯ ತಳದಿಂದ ಎದ್ದು ಗಂಟಲಲ್ಲಿ ಸಿಕ್ಕಿಹಾಕಿಕೊಂಡ ಹಾಗೆ. ನಾನು ಅಂಥದ್ದೇನೂ ಬರೆದಿರಲಿಲ್ಲ.

"ಭಲೇ ಕರಡಿ!" ಎಂದ ರೆಕಾರ್ಡಿಂಗಿನವನು ಗಾಜಿನಾಚೆಯಿಂದ. "ಹೊಗೆ ಮೂಗಿಗೇ ಹೊಡೀತು ನೋಡು. ಅಳಿಸಲ್ಲ ಇದನ್ನ."

ಕರಡಿಯಪ್ಪ ಕಣ್ಣೀರು ಒರೆಸಿಕೊಂಡು ನಕ್ಕ. ಆ ಕಂತು ಬಂದ ಮೇಲೆ ಬೀದಿಯ ಮಕ್ಕಳೆಲ್ಲ ಕೆಮ್ಮುತ್ತಾ ಓಡಾಡತೊಡಗಿದರು. ಅಲ್ಲಿಂದ ಮುಂದೆ ಕರಡಿ ಬೆನ್ನು ತಿರುಗಿಸಿದಲ್ಲೆಲ್ಲ ನಾನು ಹಾಳೆಯ ಅಂಚಿನಲ್ಲಿ 'ಕೆಮ್ಮು' ಎಂದು ಬರೆದೆ. ನನ್ನ ಕೈಯಾರೆ ಬರೆದೆ. ದನಿ ದಿನದಿನಕ್ಕೆ ಒರಟಾಯಿತು. ಈಗ ನೋಡು ನಿಜವಾದ ಕರಡಿ, ಎಂದು ನಾವೆಲ್ಲ ಬೆನ್ನು ತಟ್ಟಿದೆವು.

ಮನೆಯಲ್ಲಿ ಹೆಂಡತಿ ಮಾತ್ರ ಗೊಣಗುತ್ತಿದ್ದಳು. "ಏನ್ರೀ, ಊಟಕ್ಕೆ ಕೂತ್ರೂ ಅದೇ ಕೆಮ್ಮಾ?"

"ಅಭ್ಯಾಸ ಕಣೇ. ನಾಳೆ ಮೂರು ಕಡೆ ಇದೆ."

"ಅಭ್ಯಾಸ ಅಂತೆ! ಆ ಕರಡೀನ ಚಪ್ಪಲಿ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ."

ಒಂದು ಮಧ್ಯಾಹ್ನ ದೀಪ ಕೆಂಪಾಗಿದ್ದಾಗ ಅವನು ನನ್ನ ಕಡೆ ವಾಲಿ, "ಗಂಟಲಲ್ಲಿ ಮುಳ್ಳು ಮುರಿದುಕೊಂಡ ಹಾಗಿದೆ ಕಣೋ ಆಮೆ, ನೀರೂ ಇಳೀತಿಲ್ಲ" ಎಂದ. ಆ ಕಂತಿನಲ್ಲಿ ಕರಡಿ ಬಾಯಾರಿ ಕೂತಿತ್ತು. ಮಾತು ಹೊಂದಿಸಲು ನೋಡುತ್ತಿದ್ದಾನೆ ಎಂದುಕೊಂಡೆ.

"ಚೆನ್ನಾಗಿದೆ ಕರಡಿ. ಆದ್ರೆ ಅಷ್ಟು ಹೊತ್ತು ತುಟಿ ತೆರೆದಿರಲ್ಲ" ಎಂದು, 'ಗಂಟಲಲ್ಲಿ ಮುಳ್ಳು' ಎಂದಷ್ಟೇ ಬರೆದುಕೊಟ್ಟೆ.

ಅವನು ಹಾಳೆಯನ್ನು ನೋಡಿದ. ನನ್ನ ಮುಖ ನೋಡಿದ. ಆಮೇಲೆ ಪರದೆಯ ಕಡೆ ತಿರುಗಿ ಆ ಎರಡು ಮಾತನ್ನು ಕರಡಿಯ ತುಟಿಗೆ ಸರಿಯಾಗಿ ಕೂರಿಸಿದ. ಒಂದೇ ಸಲಕ್ಕೆ ಸರಿಹೋಯಿತು. ಅದೂ ಟೀವಿಯಲ್ಲಿ ಬಂತು.

ಕಂಡುಹಿಡಿದವಳು ನರಿಯಕ್ಕ. ಅವನು ಬಾಯಿ ಒರೆಸಿ ಜೇಬಿಗೆ ತುರುಕುತ್ತಿದ್ದ ಕರವಸ್ತ್ರವನ್ನು ಕಸಿದು ಬಿಡಿಸಿದಳು. ರಕ್ತವಿತ್ತು. ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, ಕೆಂಪು ದೀಪ ಉರಿಯುತ್ತಿರುವಾಗಲೇ ಅವನನ್ನು ಮನುಷ್ಯನ ಹಾಗೆ ಕರೆದಳು.

"ಅಣ್ಣಾ, ಇದು ಕರಡೀದಲ್ಲ. ಎಷ್ಟು ದಿನದಿಂದ?"

ಗಾಜಿನಾಚೆ ರೆಕಾರ್ಡಿಂಗಿನವನು ಯಂತ್ರ ನಿಲ್ಲಿಸಿದ.

ಆಸ್ಪತ್ರೆಗೆ ಅವನ ಹೆಂಡತಿಯ ಜೊತೆ ನಾನೂ ಹೋದೆ. ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೂ ಗಂಟಲಲ್ಲಿ ಗಂಟು ಬಲಿತಿತ್ತು. ಡಾಕ್ಟರು ಚೀಟಿಗಳನ್ನು ತಿರುವಿಹಾಕಿ, "ಎಂಟು ತಿಂಗಳು ಇದನ್ನ ಇಟ್ಕೊಂಡು ಏನ್ ಮಾಡ್ತಿದ್ರಿ?" ಎಂದರು.

"ಟೀವೀಲಿ ಕೆಮ್ತಿದ್ದೆ ಡಾಕ್ಟ್ರೇ" ಎಂದ ಅವನು.

ನಾನು ನೆಲದ ಕಲ್ಲುಗಳನ್ನು ನೋಡುತ್ತಾ ನಿಂತೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ತೂತು ಮಾಡಿ ಅಲ್ಲಿಂದ ಉಸಿರು ಬಿಡಬೇಕು, ಅದೂ ಈ ವಾರದಲ್ಲೇ ಆಗಬೇಕು ಎಂದರು ಡಾಕ್ಟರು. ಕಥೆಯ ಕೊನೆಯ ಕಂತಿನ ಚಿತ್ರ ಬರಲು ಇನ್ನೂ ಐದು ವಾರವಿತ್ತು. ಆ ಕಂತಿನಲ್ಲಿ ಕರಡಿ ಮೊಲವನ್ನು ನದಿಗೆ ತಲುಪಿಸುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಐದು ವಾರ ತಡೀರಿ ಡಾಕ್ಟ್ರೇ. ಆರು ವರ್ಷ ಹೊತ್ತಿದ್ದೀನಿ ಆ ಮರೀನ. ನೀರು ಕಾಣಿಸಿ ಬಂದ್ಬಿಡ್ತೀನಿ."

"ಐದು ವಾರ ಆದ್ಮೇಲೆ ನೀವು ನನ್ನ ಹತ್ರ ಬರೋದು ಬೇಕಾಗಲ್ಲ" ಎಂದರು ಅವರು.

ಹೆಂಡತಿ ಅವನ ತೋಳು ಹಿಡಿದಳು. "ಮೊಲ ಚಿತ್ರದ್ದು ರೀ. ನಾನು ಚಿತ್ರದವಳಲ್ಲ."

ಅವನು ಮೂರನೆಯ ದಿನ ಆಸ್ಪತ್ರೆ ಸೇರಿದ. ಗಂಟು ತೆಗೆದರು, ದನಿಯೂ ಹೋಯಿತು. ಆದರೆ ಬೇರು ಎದೆಗೆ ಇಳಿದಿತ್ತು. ಅದನ್ನು ಡಾಕ್ಟರು ಅವಳಿಗೆ ಹೇಳಿದರು, ಅವಳು ನನಗೆ ಹೇಳಿದಳು, ಅವನು ಇಬ್ಬರ ಮುಖ ನೋಡಿ ತಾನೇ ತಿಳಿದುಕೊಂಡ.

ಹೊಸ ಕರಡಿಯಾಗಿ ಬಂದವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಚುರುಕಿನ ಮನುಷ್ಯ, ಕೆಲಸಗಳ್ಳನಲ್ಲ. ಹತ್ತು ದಿನ ಹಳೆಯ ಕಂತುಗಳನ್ನು ಕೇಳಿ ಕೇಳಿ ದನಿಯನ್ನು ಹತ್ತಿರ ಹತ್ತಿರ ತಂದಿದ್ದ. ಕೊನೆಯ ಕಂತಿನ ದಿನ ಕರಡಿಯಪ್ಪ ಹೆಂಡತಿಯ ಜೊತೆ ಬಂದ. ಕತ್ತಿಗೆ ತೆಳು ಬಟ್ಟೆ, ಕೈಯಲ್ಲಿ ಮಕ್ಕಳ ಸ್ಲೇಟು. ರೆಕಾರ್ಡಿಂಗಿನವನು ಗಾಜಿನ ಹತ್ತಿರ ಎರಡು ಕುರ್ಚಿ ಹಾಕಿಸಿದ.

ಕೊನೆಯ ದೃಶ್ಯ ಹೀಗಿತ್ತು: ಕರಡಿ ಮೊಲವನ್ನು ನದಿಯ ದಡದಲ್ಲಿ ಇಳಿಸುತ್ತದೆ. "ಇನ್ನು ನೀನೇ ನಡಿ ಮರಿ" ಎನ್ನುತ್ತದೆ. ಬೆನ್ನು ತಿರುಗಿಸಿ ಮರಳಿನ ಮೇಲೆ ಹನ್ನೊಂದು ಹೆಜ್ಜೆ ನಡೆದು ಮರೆಯಾಗುತ್ತದೆ. ಬೆನ್ನು ಕಂಡದ್ದರಿಂದ ರೂಢಿಯಂತೆ ನಾನು ಅಂಚಿನಲ್ಲಿ 'ಕೆಮ್ಮು' ಎಂದು ಬರೆದಿದ್ದೆ. ಅವನು ಬರುತ್ತಾನೆಂದು ಗೊತ್ತಿದ್ದೂ ಬರೆದಿದ್ದೆ. ಕೈಗೆ ಅಷ್ಟು ಅಭ್ಯಾಸವಾಗಿಹೋಗಿತ್ತು.

ಹೊಸಬ ಕೆಮ್ಮಿದ. ಎದೆಯ ತಳದಿಂದ ಎದ್ದು ಗಂಟಲಲ್ಲಿ ಸಿಕ್ಕಿಹಾಕಿಕೊಂಡ ಅದೇ ಕೆಮ್ಮು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತನ್ನ ಕೆಲಸಕ್ಕೆ ತಾನೇ ಮೆಚ್ಚಿ ಗಾಜಿನ ಕಡೆ ನೋಡಿದ. ಕರಡಿಯಪ್ಪನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕರಡಿಯಪ್ಪ ಕೈ ಎತ್ತಿ ನಿಲ್ಲಿಸಿದ. ಸ್ಲೇಟಿನ ಮೇಲೆ ಬರೆದು ಗಾಜಿಗೆ ಹಿಡಿದ: 'ಕರಡಿಗೆ ಕಾಯಿಲೆ ಇಲ್ಲ.'

"ಮಕ್ಕಳು ಅದಕ್ಕೇ ಕಾಯ್ತಿರ್ತಾರೆ ಕರಡಿಯಪ್ಪ" ಎಂದ ರೆಕಾರ್ಡಿಂಗಿನವನು.

ಅವನು ಸ್ಲೇಟನ್ನು ಇಳಿಸಲಿಲ್ಲ. ನಾನು ಹಾಳೆಯಲ್ಲಿದ್ದ 'ಕೆಮ್ಮು' ಎಂಬ ಮಾತನ್ನು ಕಾಗದ ಹರಿಯುವಷ್ಟು ಗೀಚಿ ಹಾಕಿದೆ. ಕೆಮ್ಮು ತೆಗೆದ ಮೇಲೆ ಅಲ್ಲಿ ಉಳಿದದ್ದು ಬರೀ ನಡಿಗೆ. ಹೆಜ್ಜೆಯ ಸಪ್ಪಳಕ್ಕೆಂದು ನಮ್ಮಲ್ಲಿ ಮೂಲೆಯಲ್ಲೊಂದು ಮರಳಿನ ತೊಟ್ಟಿ ಇರುತ್ತದೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅದರೊಳಗೆ ಇಳಿದ.

ಮೊದಲನೆಯ ಸಲ ಕತ್ತಿನ ತೂತಿನಿಂದ ಉಸಿರು ಸುಯ್ಯೆಂದು ಮೈಕಿಗೆ ಬಿತ್ತು. ಎರಡನೆಯ ಸಲವೂ ಬಿತ್ತು. "ಸಾಕು ಬಿಡಣ್ಣ, ನಾನು ನಡೀತೀನಿ" ಎಂದಳು ನರಿಯಕ್ಕ. ಅವನು ಬೇಡವೆಂದು ತಲೆಯಾಡಿಸಿ, ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದ. ಪರದೆಯ ಮೇಲೆ ಕರಡಿ ತಿರುಗಿತು. ಒಂದು, ಎರಡು, ಮೂರು. ಅವಸರವಿಲ್ಲದ ಭಾರವಾದ ಹೆಜ್ಜೆ. ಎಂಟನೆಯದಕ್ಕೆ ಅವನ ಮುಖ ಕಪ್ಪಿಟ್ಟಿತು. ಹನ್ನೊಂದನೆಯದು ಮುಗಿದು ಕೆಂಪು ದೀಪ ಆರುವವರೆಗೂ ನಿಂತಿದ್ದ. ಆಮೇಲೆ ತೊಟ್ಟಿಯ ಅಂಚು ಹಿಡಿದು ಮರಳಿನಲ್ಲೇ ಕುಸಿದು ಕೂತ.

ಆ ಕಂತು ಟೀವಿಯಲ್ಲಿ ಬಂದ ದಿನಕ್ಕೆ ಅವನು ಹೋಗಿ ಹದಿನಾರು ದಿನವಾಗಿತ್ತು. ನರಿಯಕ್ಕ, ರೆಕಾರ್ಡಿಂಗಿನವನು, ನಾನು ಮೂವರೂ ಬೀಗದ ಅಂಗಡಿಯ ಮೇಲಿನ ಆ ಕೋಣೆಗೆ ಹೋಗಿದ್ದೆವು. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತೇ ನೋಡಿದಳು. ತೊಡೆಯ ಮೇಲೆ ಯಾವುದೋ ಮಗುವಿನ ಅರೆಹೊಲಿದ ಅಂಗಿ. ಕರಡಿ ಬೆನ್ನು ತಿರುಗಿಸಿದಾಗ ಕೆಳಗೆ ಬೀದಿಯ ಯಾರದೋ ಮನೆಯೊಳಗೆ ಮಕ್ಕಳು ಗಟ್ಟಿಯಾಗಿ ಕೆಮ್ಮಿದ್ದು ಕೇಳಿಸಿತು. ಟೀವಿಯೊಳಗಿನ ಕರಡಿ ಮರಳು ತುಳಿಯುತ್ತಾ ಹೋಯಿತು.

"ನೋಡಿದ್ರಾ?" ಎಂದಳು ಅವಳು ನಮ್ಮ ಕಡೆ ತಿರುಗದೆ. "ಒಂದ್ಸಲಾನೂ ಕೆಮ್ಮಲಿಲ್ಲ."