ಬಣ್ಣ ಬಿಟ್ಟ ಕೆಂಪು ಟವೆಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜು ಮೈದಾನದ ಹಿಂದಿನ ಓಣಿಯಲ್ಲಿ, ತಗಡಿನ ಬಾಗಿಲಿನ ಲಾಂಡ್ರಿಯೊಳಗೆ, ಐವತ್ತಾರು ವರ್ಷದ ಹೆಂಗಸೊಬ್ಬರು ಫುಟ್‌ಬಾಲ್ ಶರ್ಟೊಂದನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಾರೆ. ಮೂಸಿ, ಬಲ್ಬಿನ ಕೆಳಗೆ ಹಿಡಿದು, ಮೊಣಕೈಯ ಕೆಸರನ್ನು ಉಗುರಿನಿಂದ ಕೆರೆದು ನೋಡಿ, ಬಲಗಡೆಯ ತೊಟ್ಟಿಗೆ ಹಾಕುತ್ತಾರೆ. ಮುಂದಿನದನ್ನು ಮೂಸುವುದೇ ಇಲ್ಲ. ಹಾಗೇ ಎಡಗಡೆಗೆ ಎಸೆಯುತ್ತಾರೆ.

"ಹದಿನೈದನೇ ನಂಬರು. ಈ ಹುಡುಗನ್ನ ನಿನ್ನೇನೂ ಆಡಿಸಿಲ್ಲ. ಬೆಂಚಿನ ಧೂಳು ಬಿಟ್ರೆ ಇದರಲ್ಲಿ ಇನ್ನೇನಿದೆ?"

ನಾನು ಹೋಗಿದ್ದು ಈ ಭಾನುವಾರದ ಪೇಪರಿಗೆ ಬಟ್ಟೆ ಒಗೆಯುವ ಕೆಲಸದ ಬಗ್ಗೆ ಬರೆಯಲು. ಅಷ್ಟನ್ನೇ ಬರೆದುಕೊಂಡು ಬಂದಿದ್ದರೆ ಸುಖವಾಗಿರುತ್ತಿದ್ದೆ. ಮೂರು ಬೆಳಗು ಅಲ್ಲಿ ಕೂತು ಬಂದ ಮೇಲೆ ತಲೆ ಬುಡ ಒಂದೂ ತಿಳಿಯದ ಸ್ಥಿತಿಗೆ ಬಂದಿದ್ದೇನೆ. ಓದುವವರಿಗಾದರೂ ಏನಾದರೂ ಹೊಳೆಯಲಿ ಎಂದು ನಡೆದದ್ದನ್ನು ನಡೆದ ಹಾಗೇ ಇಡುತ್ತೇನೆ.

ಓಣಿಗೆಲ್ಲ ಆಕೆ ಅಕ್ಕ. ಅಜ್ಜಂದಿರಿಗೂ ಅಕ್ಕ, ಆಕೆಯ ಗಂಡನ ಬಾಯಲ್ಲೂ ಒಮ್ಮೊಮ್ಮೆ ಅಕ್ಕ. ಲಾಂಡ್ರಿ ಮೊದಲು ಗಂಡನದೇ ಆಗಿತ್ತು. ಒದ್ದೆ ಗಂಟುಗಳನ್ನು ಎತ್ತಿ ಎತ್ತಿ ಅವರ ಸೊಂಟ ಕೈಕೊಟ್ಟಿತು. ಈಗ ಅವರು ಮೂಲೆಯ ಸ್ಟೂಲಿನ ಮೇಲೆ ಕೂತು ಕಾಲುಚೀಲಗಳ ಜೋಡಿ ಹುಡುಕುತ್ತಾರೆ. ಹದಿನಾಲ್ಕು ವರ್ಷದಿಂದ ಒಗೆತವೆಲ್ಲ ಅಕ್ಕನದು. ದಿನಕ್ಕೆ ನೂರ ನಲವತ್ತು ಬಟ್ಟೆ, ಅರವತ್ತು ಬಕೆಟ್ ನೀರು. ಯಂತ್ರ ಒಂದಿದೆ, ಆದರೆ ಕೆಸರು ಬಿಡಿಸುವುದು ಕೈಯೇ. ಸೋಪು ತಿಂದು ಬೆರಳ ತುದಿ ಎಷ್ಟು ನಯವಾಗಿದೆಯೆಂದರೆ ಬೆರಳಚ್ಚಿನ ಯಂತ್ರಗಳು ಆಕೆಯನ್ನು ಮನುಷ್ಯಳೆಂದು ಒಪ್ಪುವುದಿಲ್ಲವಂತೆ.

ಊರಿನಲ್ಲಿ ಎರಡು ಕಾಲೇಜು. ಒಂದರದ್ದು ಕೆಂಪು ಶರ್ಟು, ಇನ್ನೊಂದರದ್ದು ನೀಲಿ. ಇವರು ಅವರ ನೆರಳು ಕಂಡರೆ ಉರಿಯುತ್ತಾರೆ, ಅವರು ಇವರದ್ದು. ಎರಡೂ ತಂಡದ ಬಟ್ಟೆ ಬರುವುದು ಮಾತ್ರ ಇದೇ ತಗಡಿನ ಬಾಗಿಲಿಗೆ. ಕೆಂಪಿನವರದು ಸೋಮವಾರ, ಗುರುವಾರ. ನೀಲಿಯವರದು ಮಂಗಳವಾರ, ಶುಕ್ರವಾರ. ತೊಟ್ಟಿ ಬೇರೆ, ಬ್ರಷ್ಷು ಬೇರೆ, ಹಗ್ಗ ಬೇರೆ. ಹೊಸ ಬಟ್ಟೆ ಬಂದರೆ ಒದ್ದೆ ಮಾಡಿ, ಅದರ ಮೂಲೆಗೆ ಬಿಳಿ ಚಿಂದಿಯೊಂದನ್ನು ಒತ್ತಿ, ನೂರರವರೆಗೆ ಎಣಿಸಿ ತೆಗೆಯುತ್ತಾರೆ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆಗೆ ಎರಡು ದಿನ ಉಪ್ಪುನೀರಿನ ವಾಸ. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಬಟ್ಟೆಗೂ ಇನ್ನೊಂದರ ಬಣ್ಣ ಹತ್ತಿಲ್ಲ. ಇದನ್ನು ಅಕ್ಕ ಮೊದಲ ದಿನ ಮೂರು ಸಲ ಹೇಳಿದರು. ನಾನು ಒಂದೇ ಸಲ ಬರೆದುಕೊಂಡೆ.

ಮನೆಯೊಳಗಿನ ಬಣ್ಣ ಮಾತ್ರ ಆಕೆಯ ಹತೋಟಿಯಲ್ಲಿಲ್ಲ. ಇಸ್ತ್ರಿ ಮಾಡುವವನು ಆಕೆಯ ತಮ್ಮ, ಅಪ್ಪಟ ಕೆಂಪು. ಬಟ್ಟೆ ಹಂಚುವ ಗಾಡಿ ಓಡಿಸುವವನು ಅಳಿಯ, ಕಡು ನೀಲಿ. ಇಬ್ಬರೂ ಆ ಕಾಲೇಜುಗಳ ಮೆಟ್ಟಿಲು ಹತ್ತಿದವರಲ್ಲ, ಬೇಲಿಯಾಚೆ ನಿಂತು ಆಟ ನೋಡಿದವರು. ಆದರೂ ಆರು ಗಂಟೆಗೆ ಇಸ್ತ್ರಿಪೆಟ್ಟಿಗೆ ಕಾಯುವ ಮೊದಲೇ ಇಬ್ಬರ ತಲೆ ಕಾದಿರುತ್ತದೆ.

ಈಗ ಮೂರು ವಾರದಿಂದ ಒಂದೇ ವಿಷಯ. ಫೈನಲ್ ಪಂದ್ಯ. ಕೆಂಪು ಒಂದು ಗೋಲಿನಿಂದ ಮುಂದಿತ್ತು, ಇನ್ನು ಹನ್ನೆರಡೇ ನಿಮಿಷ ಉಳಿದಿತ್ತು. ಎರಡೂ ಕಡೆಯವರ ಡೋಲಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಕೆಂಪಿನ ಕೋಚ್ ಟವೆಲ್ಲಿನ ಗುಟ್ಟೊಂದನ್ನು ಇಟ್ಟುಕೊಂಡಿದ್ದರು. ಹೆಗಲ ಮೇಲೆ ಕೆಂಪು ಟವೆಲ್ ಬಂದರೆ ಮುನ್ನುಗ್ಗಿ, ಬಿಳಿ ಬಂದರೆ ಎಲ್ಲರೂ ಹಿಂದೆ ಸರಿದು ಗೋಲು ಕಾಯಿರಿ. ಅವತ್ತು ಅವರು ಚೀಲಕ್ಕೆ ಕೈ ಹಾಕಿ, ಬಿಳಿ ಟವೆಲ್ ತೆಗೆದು, ಮುಖ ಒರೆಸಿ, ಹೆಗಲಿಗೆ ಹಾಕಿಕೊಂಡರು. ತಂಡ ಹಿಂದೆ ಸರಿಯಿತು. ನೀಲಿ ಎರಡು ಗೋಲು ಹೊಡೆಯಿತು, ಕಪ್ ಕೈತಪ್ಪಿತು. ಸಿಟ್ಟಿಗೆ ಕ್ಯಾಪ್ಟನ್ನು ಟವೆಲ್ಲಿನ ಗುಟ್ಟನ್ನು ಊರಿಗೆಲ್ಲ ಒದರಿಬಿಟ್ಟ.

ಅಲ್ಲಿಂದ ಊರಿಗೆ ಊರೇ ಟವೆಲ್ಲಿನ ಪಂಡಿತರು. ತಮ್ಮನ ಪ್ರಕಾರ ಕೋಚ್ ಪುಕ್ಕಲ, ಗೆದ್ದ ಆಟವನ್ನು ಹೆದರಿ ಕೈಚೆಲ್ಲಿದವರು. ಅಳಿಯನ ಪ್ರಕಾರ ಅದು ಬುದ್ಧಿವಂತರ ತೀರ್ಮಾನ, ಕೆಂಪಿನ ಹುಡುಗರಿಗೆ ಕಾಲಲ್ಲಿ ಕಸುವೇ ಇರಲಿಲ್ಲ, ಕಾಯದೆ ಇನ್ನೇನು ಮಾಡಬೇಕಿತ್ತು. ತಮ್ಮನು ಇಸ್ತ್ರಿಯ ಕೆಳಗಿನ ಶರ್ಟಿನ ಕಾಲರ್ ಸುಡುವಷ್ಟು ಹೊತ್ತು ವಾದ ಮಾಡುತ್ತಾನೆ. ಅಳಿಯ ಗಾಡಿಗೆ ಗಂಟು ಹಾಕಿದವನು ಮತ್ತೊಂದು ಮಾತು ನೆನಪಾಗಿ ಒಳಗೆ ಬರುತ್ತಾನೆ. ಅಕ್ಕ ನನ್ನ ಕಡೆ ತಿರುಗಿ ಪಿಸುಗುಟ್ಟುತ್ತಾರೆ: "ಬೈಯೋನು ಅವರ ಕಡೆಯವನು, ಹೊಗಳೋನು ಎದುರಿನವನು. ಇದರ ಲೆಕ್ಕಾಚಾರ ನಿಮಗೇನಾದ್ರೂ ತಿಳಿಯುತ್ತಾ?"

ನನಗೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ. ಒಂಬತ್ತು ವರ್ಷದಿಂದ ಇರುವ ಆ ಕೋಚ್ ನಾಳೆ, ಸೋಮವಾರ, ಕಾಲೇಜಿನ ಸಮಿತಿಯ ಮುಂದೆ ನಿಲ್ಲಬೇಕು. ಬಿಳಿ ಟವೆಲ್ ಯಾಕೆ ಹಾಕಿದೆ ಎಂದು ವಿವರಣೆ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಮನೆಗೆ ಹೋಗಬೇಕು.

ಎರಡನೆಯ ದಿನ ತಮ್ಮನೂ ಅಳಿಯನೂ ಆಚೆ ಹೋದ ಮೇಲೆ ಅಕ್ಕ ಬಾಗಿಲ ಹಿಂದಿನ ತಂತಿಗೆ ಚುಚ್ಚಿದ್ದ ಚೀಟಿಗಳಲ್ಲಿ ಒಂದನ್ನು ಬಿಡಿಸಿ ನನ್ನ ಕೈಗಿಟ್ಟರು. ಬಟ್ಟೆ ಕೊಡುವಾಗ ಬರೆಯುವ ಚೀಟಿ. ಫೈನಲ್ ದಿನದ ಬೆಳಗಿನದು. ಶರ್ಟು ಹದಿನೆಂಟು, ಚಡ್ಡಿ ಹದಿನೆಂಟು, ಬಿಳಿ ಟವೆಲ್ ಆರು. ಕೊನೆಯ ಸಾಲು: 'ಕೆಂಪು ಟವೆಲ್ ಒಂದು, ಹೊಸದು, ಬಣ್ಣ ಬಿಡ್ತಾ ಇದೆ, ನಾಳೆ ಕೊಡ್ತೀನಿ.' ಕೆಳಗೆ ಕೋಚ್ ಸಹಿ.

ನಾನು ಚೀಟಿಯನ್ನು ಎರಡು ಸಲ ಓದಿದೆ. ಹಾಗಾದರೆ ಫೈನಲ್ ದಿನ ಆ ಚೀಲದಲ್ಲಿ ಕೆಂಪು ಟವೆಲ್ಲೇ ಇರಲಿಲ್ಲ.

"ಇರ್ಲಿಲ್ಲ. ಇಲ್ಲೇ ಉಪ್ಪುನೀರಲ್ಲಿತ್ತು," ಅಂದರು ಅಕ್ಕ. "ಚಿಂದಿ ಒತ್ತಿ ನೋಡಿದ್ರೆ ಕುಂಕುಮದ ಹಾಗೆ ಬಣ್ಣ ಹತ್ತಿತು. ಶರ್ಟಿನ ಬೆನ್ನ ಮೇಲೆ ಬಿಳಿ ನಂಬರು. ಅದರ ಜೊತೆ ಒಂದೇ ಚೀಲಕ್ಕೆ ಹೇಗೆ ತುಂಬಲಿ? ಟವೆಲ್ಲಿಗೆ ಇಷ್ಟೆಲ್ಲ ಅರ್ಥ ಇದೆ ಅಂತ ನಂಗೆ ಯಾರು ಹೇಳಿದ್ರು? ಮುಖ ಒರೆಸೋದು ಅಂದ್ಕೊಂಡಿದ್ದೆ."

ಗುಟ್ಟು ಬಯಲಾಗಿ ತಮ್ಮ ಅದನ್ನು ಇಸ್ತ್ರಿ ಮೇಜಿನ ಮುಂದೆ ವರ್ಣಿಸಿದಾಗ ಅಕ್ಕನ ಕೈ ನೀರಲ್ಲೇ ನಿಂತಿತಂತೆ. ಹೇಳಿದರೆ ಏನಾಗುತ್ತದೆ ಎಂಬುದು ಆಕೆಗೆ ಗೊತ್ತು. ಅಳಿಯ ನೀಲಿ, ಅತ್ತೆ ಕೆಂಪು ಟವೆಲ್ ಬಚ್ಚಿಟ್ಟಳು ಅನ್ನುತ್ತಾರೆ. ತಮ್ಮನೇ ಮೊದಲು ಅಂದಾನು. ಕೆಂಪು ಕಾಲೇಜಿನ ಬಟ್ಟೆ ಬೇರೆ ಬಾಗಿಲಿಗೆ ಹೋಗುತ್ತದೆ. ಹೇಳದಿದ್ದರೆ ಕೋಚ್ ಪುಕ್ಕಲ ಅನ್ನಿಸಿಕೊಂಡೇ ಮನೆಗೆ ಹೋಗುತ್ತಾರೆ. ಹೇಳಿದರೂ ಅವರಿಗೆ ಒಳ್ಳೆಯದಾಗುತ್ತದೆಯೇ? ಚೀಟಿ ಓದದೆ ಸಹಿ ಹಾಕಿದ ಮನುಷ್ಯ ಅನ್ನಿಸಿಕೊಳ್ಳುವುದು ಪುಕ್ಕಲ ಅನ್ನಿಸಿಕೊಳ್ಳುವುದಕ್ಕಿಂತ ಮೇಲೋ ಕೀಳೋ? ನಾವಿಬ್ಬರೂ ಒದ್ದೆ ನೆಲದ ಮೇಲೆ ಕೂತು ಇದನ್ನು ಅರ್ಧ ಗಂಟೆ ತಿರುವಿ ಹಾಕಿದೆವು. ಕಾಲುಚೀಲದ ಮೂಲೆಯಿಂದ ಗಂಡ ಒಂದೇ ಮಾತು ಹೇಳಿದರು, ಮೊದಲು ಸಹಿ ಹಾಕಿದವರನ್ನೇ ಕೇಳಿ ಅಂತ.

ಚೀಟಿ ಹಿಡಿದು ನಾನೇ ಹೋದೆ. ಕೋಚ್ ಮೈದಾನದ ಕೋಣೆಯಲ್ಲಿ ಚೆಂಡಿಗೆ ಗಾಳಿ ತುಂಬುತ್ತಿದ್ದರು. ಚೀಟಿ ನೋಡಿದರು. ಪಂಪು ನಿಂತಿತು.

"ಸಹಿ ನಂದೇ," ಅಂದರು. "ಓದಿದ್ನೋ ಇಲ್ವೋ ಜ್ಞಾಪಕ ಇಲ್ಲ. ಅವತ್ತು ಹಿಂದೆ ಸರೀಲಿ ಅಂತಾನೇ ಬಿಳಿ ತಗೊಂಡ್ನೋ, ಕೈಗೆ ಸಿಕ್ಕಿದ್ದನ್ನ ತಗೊಂಡ್ನೋ, ನಿಜವಾಗ್ಲೂ ಗೊತ್ತಿಲ್ಲ ನಂಗೆ. ಮೂರು ವಾರದಲ್ಲಿ ಊರವರು ಎಷ್ಟು ಕಾರಣ ಹೇಳಿದ್ದಾರೆ ಅಂದ್ರೆ, ಅದರಲ್ಲಿ ನಂದು ಯಾವುದು ಅಂತ ಮರೆತೇ ಹೋಗಿದೆ."

ಆಮೇಲೆ ಚೀಟಿಯನ್ನು ಮಡಿಸಿ ನನಗೇ ವಾಪಸ್ ಕೊಟ್ಟರು. ಸಮಿತಿಯ ಮುಂದೆ ತೀರ್ಮಾನ ನನ್ನದೇ ಎಂದು ಹೇಳುತ್ತೇನೆ ಅಂದರು, ಅಕ್ಕನನ್ನು ಇದರಲ್ಲಿ ಎಳೆಯಬಾರದೆಂದು ಕೇಳಿಕೊಂಡರು. ಅದು ದೊಡ್ಡತನವೋ, ಇನ್ನೇನೋ, ಈಗಲೂ ಬಗೆಹರಿದಿಲ್ಲ.

ಮೂರನೆಯ ಬೆಳಗು, ಗುರುವಾರ, ಅಕ್ಕನಿಗೆ ಎಲ್ಲವನ್ನೂ ಹೇಳಿ, ಬರೆಯುವುದು ಬೇಡ ಬಿಡಿ, ಬರೀ ಒಗೆತದ ಕಥೆ ಬರೆಯುತ್ತೇನೆ ಅಂದೆ. ಅಕ್ಕ ಕೇಳಿಸಿಕೊಳ್ಳುತ್ತಲೇ ಕೆಂಪಿನವರ ಚೀಲ ತುಂಬುತ್ತಿದ್ದರು. ಮೂರು ವಾರದಿಂದ ಕೊಡಲಾಗದೆ ಇಟ್ಟುಕೊಂಡಿದ್ದ, ಬಣ್ಣ ಬಿಡುವುದು ನಿಂತ ಆ ಟವೆಲ್ಲನ್ನು ಎಲ್ಲದರ ಮೇಲೆ, ಚೀಲ ತೆರೆದ ಕೂಡಲೇ ಕಾಣುವ ಹಾಗೆ, ಮಡಿಸಿ ಇಟ್ಟರು. ಪೇಪರು ಯಾವತ್ತು ಬರುತ್ತದೆ ಎಂದು ಕೇಳಿದರು. ಭಾನುವಾರ ಅಂದೆ. ಸಮಿತಿ ಸೇರುವುದು ಸೋಮವಾರ ತಾನೇ ಅಂದರು.

ಆಚೆಯಿಂದ ತಮ್ಮನ ಸೈಕಲ್ಲಿನ ಸದ್ದು ಕೇಳಿಸಿತು. ಅಕ್ಕ ದನಿ ತಗ್ಗಿಸಲಿಲ್ಲ.

"ಚೀಟಿಯಲ್ಲಿ ಇರೋದನ್ನ ಇದ್ದ ಹಾಗೇ ಬರೀರಿ. ನನ್ನ ತಮ್ಮನೂ ಓದ್ಲಿ, ಅಳಿಯನೂ ಓದ್ಲಿ. ಅವರು ಯಾಕೆ ಸೋತ್ರು ಅಂತ ನಂಗೆ ಗೊತ್ತಿಲ್ಲ, ಆ ಕೋಚಿಗೂ ಗೊತ್ತಿಲ್ಲ. ಆದ್ರೆ ಅವತ್ತು ಮೈದಾನಕ್ಕೆ ಇಳಿದಾಗ ಹದಿನೆಂಟು ಶರ್ಟಿನ ನಂಬರೂ ಬೆಳ್ಳಗಿತ್ತು. ಅದನ್ನೂ ಬರೀರಿ."